ಲಾಳಿಯ ಪಕ್ಕದಲ್ಲಿದ್ದ ಟರ್ಮಿನೇಟರ್

೧೯೯೬ರಲ್ಲಿ ನಾನು ಬೆಂಗಳೂರಿನ ಒಂದು ಕಂಪ್ಯೂಟರ್ ಸರ್ವಿಸ್ ಕಂಪನಿಯಲ್ಲಿ ಫೀಲ್ಡ್ ಇಂಜಿನಿಯರ್ ಆಗಿದ್ದೆ. ಯಲಹಂಕದಿಂದಾಚೆ ದೊಡ್ಡಬಳ್ಳಾಪುರ, ದೇವನಹಳ್ಳಿಯ ಗಿರಾಕಿಗಳೆಲ್ಲ ನನ್ನ ಪಾಲಿಗೆ ಬಂದಿದ್ದರು. ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ಫೋನಿನಲ್ಲೇ ರೋಗ ಹೇಳಬಲ್ಲೆ ಎಂಬ ಜಂಬ ಬೇರೆ. ಆ ಜಂಬ ಇಳಿದದ್ದು ದೊಡ್ಡಬಳ್ಳಾಪುರದ ಒಂದು ನೇಕಾರರ ಮನೆಯಲ್ಲಿ.

ಆ ಮನೆಯ ರಾಮಾಂಜಿನಪ್ಪನವರು ಸೀರೆಯ ಅಂಚು, ಸೆರಗುಗಳಿಗೆ ಡಿಸೈನ್ ಬರೆಯುವವರು. ಗ್ರಾಫ್ ಹಾಳೆಯಲ್ಲಿ ಒಂದೊಂದೇ ಚೌಕ ತುಂಬುತ್ತ ಇಪ್ಪತ್ತೈದು ವರ್ಷ ಕಳೆದಿದ್ದರು. ಅವರ ಕಣ್ಣು ಮಂಜಾಗತೊಡಗಿದಾಗ ಮಗಳು ಗಾಯತ್ರಿ ಅಷ್ಟನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸಿದಳು. ಎಂಬತ್ತರ ದಶಕದ ಸೆಕೆಂಡ್ ಹ್ಯಾಂಡ್ ಯಂತ್ರ ಅದು. ಒಳಗೆ ಜಾಗ ಸಾಲದೆ ಹೊರಗೊಂದು ಹಾರ್ಡ್ ಡಿಸ್ಕ್ ಡ್ರೈವ್ ಜೋಡಿಸಿಕೊಂಡಿದ್ದರು. ಗೆದ್ದಲು ಹಿಡಿದ ಹಾಳೆಗಳನ್ನು ಆಮೇಲೆ ಸುಟ್ಟುಹಾಕಿದ್ದರು. ಬೇರೆ ಪ್ರತಿ ಇರಲಿಲ್ಲ. ಇದೆಲ್ಲ ನಡೆಯುವ ಹೊತ್ತಿಗೆ ಅವರಿಗೆ ಕಣ್ಣು ಪೂರ್ತಿ ಹೋಗಿತ್ತು, ಬರೆದದ್ದೆಲ್ಲ ಆ ಡ್ರೈವಿನಲ್ಲಿತ್ತು.

ವಿಜಯದಶಮಿಯ ಮಾರನೆಯ ಬೆಳಿಗ್ಗೆ ಗಾಯತ್ರಿಯ ಫೋನ್ ಬಂತು. "ಸಾರ್, ಹೊರಗಿನ ಡ್ರೈವ್ ಬರ್ತಾನೇ ಇಲ್ಲ." ಆಫ್ ಮಾಡಿ, ಕೇಬಲ್ ಬಿಗಿಯಾಗಿ ಒತ್ತಿ, ಮತ್ತೆ ಆನ್ ಮಾಡಲು ಹೇಳಿದೆ. ಮೇಜಿನ ಮೇಲೆ ಇನ್ನೂ ಆರು ದೂರುಗಳು ಕಾದಿದ್ದವು.

"ಏನೋ ಇಂಗ್ಲಿಷಲ್ಲಿ ಕೇಳ್ತಾ ಐತೆ ಸಾರ್. ಓದ್ಲಾ?"

"ಓದೋದೇನೂ ಬೇಡಮ್ಮ, ಕೇಳಿದ್ದಕ್ಕೆಲ್ಲ ಹೂಂ ಅಂತ ಒತ್ತಿ" ಎಂದು ಫೋನ್ ಇಟ್ಟೆ.

ಅರ್ಧ ಗಂಟೆಯಲ್ಲಿ ಮತ್ತೆ ಫೋನ್. ಡ್ರೈವ್ ಬಂದಿದೆ, ಒಳಗೆ ಒಂದು ಫೈಲೂ ಇಲ್ಲ. ನಾನು ಬಸ್ ಹಿಡಿದೆ.

ಪವರ್ ಸರಿಯಿತ್ತು, ಕೇಬಲ್ ಸರಿಯಿತ್ತು, ಕಂಪ್ಯೂಟರ್ ಗುರುತಿಸಲೆಂದು ಡ್ರೈವಿಗೆ ಕೊಟ್ಟ ನಂಬರೂ ಸರಿಯಿತ್ತು. ಡ್ರೈವನ್ನು ಹಿಂದೆ ತಿರುಗಿಸಿ ನೋಡಿದರೆ ಕೇಬಲ್ ಸಿಕ್ಕಿಸುವ ಎರಡು ಕಿಂಡಿಗಳಲ್ಲಿ ಎರಡನೆಯದು ಬರಿದಾಗಿತ್ತು. ಸ್ಕಸಿ ಎಂಬ ಆ ಬಗೆಯ ಜೋಡಣೆಯಲ್ಲಿ ಕೊನೆಯ ಕಿಂಡಿಗೆ ಹೆಬ್ಬೆಟ್ಟಿನಷ್ಟು ಗಾತ್ರದ ಟರ್ಮಿನೇಟರ್ ಇರಲೇಬೇಕು. ಹೋದ ಸಿಗ್ನಲ್ ಅಲ್ಲಿ ನಿಲ್ಲುತ್ತದೆ. ಅದಿಲ್ಲದಿದ್ದರೆ ಗೋಡೆಗೆ ಬಡಿದ ಚೆಂಡಿನಂತೆ ಹಿಂದಿರುಗಿ ಎಲ್ಲವನ್ನೂ ಕಲಸಿಬಿಡುತ್ತದೆ.

"ಇಲ್ಲೊಂದು ಮುಚ್ಚಳದ ಥರದ್ದು ಇತ್ತಲ್ಲಮ್ಮ?"

ಗಾಯತ್ರಿ ದೇವರ ಕೋಣೆಗೆ ಹೋಗಿ ತಂದಳು. ಅದರ ಮೇಲೆ ವಿಭೂತಿ, ಕುಂಕುಮ. "ಆಯುಧಪೂಜೆಗೆ ಎಲ್ಲ ಬಿಚ್ಚಿ ಒರೆಸ್ದೆ ಸಾರ್. ಇದಕ್ಕೆ ವೈರೇ ಇರ್ಲಿಲ್ಲ, ಲಾಳಿ ಪಕ್ಕ ಇಟ್ಟೆ. ಪೂಜೆ ಆದ್ಮೇಲೆ ವೈರ್ ಇರೋವಷ್ಟನ್ನ ಹಾಕ್ದೆ."

ಒರೆಸಿ ಸಿಕ್ಕಿಸಿದೆ. ಡ್ರೈವ್ ಅಚ್ಚುಕಟ್ಟಾಗಿ ಕೆಲಸ ಮಾಡಿತು, ಖಾಲಿಯಾಗಿ. ಬೆಳಿಗ್ಗೆ ಕಂಪ್ಯೂಟರ್ ಕೇಳಿದ್ದು ಇಷ್ಟೇ: ಡಿಸ್ಕ್ ಓದಲಾಗುತ್ತಿಲ್ಲ, ಅಳಿಸಿ ಹೊಸದಾಗಿ ಸಿದ್ಧಮಾಡಲೇ? ಹೂಂ ಎನ್ನಲು ಹೇಳಿದವನು ನಾನು. ಟರ್ಮಿನೇಟರ್ ತೆಗೆದದ್ದರಿಂದ ಒಂದು ಗೆರೆಯೂ ಅಳಿದಿರಲಿಲ್ಲ.

ಡ್ರೈವನ್ನು ಬೆಂಗಳೂರಿಗೆ ಒಯ್ದು ಎಂಟು ದಿನ ಒದ್ದಾಡಿದೆ. ಒಂಬತ್ತು ಡಿಸೈನ್ ಸಿಕ್ಕವು, ಅವೂ ಅರ್ಧಂಬರ್ಧ. ಹಿಂದಿರುಗಿಸಲು ಹೋದಾಗ ರಾಮಾಂಜಿನಪ್ಪನವರು ಮಗ್ಗದ ಪಕ್ಕ ಚಾಪೆಯ ಮೇಲೆ ಕೂತಿದ್ದರು.

"ಏನಪ್ಪಾ, ಸಿಕ್ತಾ?"

ಇಲ್ಲ ಎಂದೆ.

"ಕಣ್ಣಿದ್ದಾಗ ಬರ್ದಿದ್ದು ಕಣಪ್ಪ. ಈಗ ಎಲ್ಲಿಂದ ತರ್ಲಿ?" ಎಂದವರು ಮಗಳಿದ್ದ ಕಡೆ ಮುಖ ತಿರುಗಿಸಿದರು. "ಆ ಮುಚ್ಚಳನ ಬಿಚ್ಚು ಅಂತ ನಿಂಗ್ಯಾರವ್ವ ಹೇಳಿದ್ರು?"

ನಾನು ಬಾಯಿ ಬಿಡಬೇಕಾದ ಗಳಿಗೆ ಅದು. ಬಿಡಲಿಲ್ಲ. ಕೆಲಸ ಹೋದೀತು ಎಂಬ ಹೆದರಿಕೆ. ಸರ್ವಿಸ್ ರಿಪೋರ್ಟಿನ 'ಕಾರಣ' ಎಂಬಲ್ಲಿ 'ಗ್ರಾಹಕರು ಟರ್ಮಿನೇಟರ್ ತೆಗೆದಿದ್ದರು' ಎಂದು ಬರೆದೆ. ಗಾಯತ್ರಿ ಪೂರ್ತಿ ಓದಿ ಸಹಿ ಮಾಡಿದಳು.

ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದಳು: "ಫೋನಲ್ಲಿ ನೀವು ಹೇಳಿದ್ದನ್ನ ಅಪ್ಪಂಗೆ ಹೇಳಿಲ್ಲ ಸಾರ್. ನಾಳೆ ಯಂತ್ರ ಕೆಟ್ರೆ ನೀವೇ ತಾನೆ ಬರ್ಬೇಕು?"

ಕೆಟ್ಟ ಮೇಲೆ ಬುದ್ಧಿ ಬಂತು. ಅಂದಿನಿಂದ ನಿವೃತ್ತಿಯವರೆಗೆ, ಪರದೆಯ ಮೇಲಿದ್ದದ್ದನ್ನು ಅಕ್ಷರ ಅಕ್ಷರ ಓದಿಸದೆ ಯಾರಿಗೂ ಏನನ್ನೂ ಒತ್ತಲು ಹೇಳಲಿಲ್ಲ. ಕೆಲಸ ಕಲಿಸಿದ ಪಾಠ ಅದು. ನನ್ನ ಪಾಠಕ್ಕೆ ಬೆಲೆ ತೆತ್ತವರು ಮಾತ್ರ ಬೇರೆಯವರು.

ಆಮೇಲೆ ಆ ಮನೆಗೆ ನಾಲ್ಕೈದು ಸಲ ಹೋದೆ. ಪ್ರತಿ ಸಲವೂ ರಾಮಾಂಜಿನಪ್ಪನವರು ಕಾಫಿ ಕೊಡಿಸಿ, "ನಮ್ಮುಡ್ಗಿ ಅದೊಂದನ್ನ ಬಿಚ್ಚದೇ ಇದ್ದಿದ್ರೆ ಎಲ್ಲ ಉಳೀತಿತ್ತು, ಅಲ್ವೇನಪ್ಪಾ?" ಎಂದು ಕೇಳುತ್ತಿದ್ದರು. ಗಾಯತ್ರಿ ಅಲ್ಲೇ ನಿಂತಿರುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ.