ಠಾಣೆಯಲ್ಲಿ ಎದ್ದು ಕೊಡುವ ಸೀಟು

ಇವತ್ತು ಮುಂಜಾನೆ ಘಾಟ್ಕೋಪರ್‌ನಲ್ಲಿ ಲೋಕಲ್ ರೈಲು ಇಳಿದು ಮೆಟ್ರೋದ ಮೆಟ್ಟಿಲು ಹತ್ತುವಾಗ ಮುಂದಿದ್ದ ಯಾರದೋ ಮೊಬೈಲಿನಿಂದ ‘ಟಕ್’ ಎಂಬ ಸದ್ದು ಬಂತು. ಹಿಂದೆಯೇ ಸಾವಿರಾರು ಜನ ಒಟ್ಟಿಗೆ ಉಸಿರು ಬಿಟ್ಟಂಥ ಗದ್ದಲ. ಅದು ಕ್ರಿಕೆಟ್ ಅಲ್ಲ. ಕ್ರಿಕೆಟ್ ಬ್ಯಾಟಿನ ಸದ್ದು ಚಪ್ಪಟೆ. ಇದು ದುಂಡು ಕಟ್ಟಿಗೆಯ ಸದ್ದು, ಒಣಗಿದ ಕೊಬ್ಬರಿ ಬಟ್ಟಲನ್ನು ಹೊಸ್ತಿಲಿಗೆ ಕುಟ್ಟಿದ ಹಾಗೆ. ನಾನು ನಿಂತುಬಿಟ್ಟೆ. ಹಿಂದಿನವರೊಬ್ಬರು ಬೆನ್ನಿಗೆ ಬ್ಯಾಗು ಒತ್ತಿ “ಚಲೋ ಅಂಕಲ್, ಚಲೋ” ಎಂದರು. ಮುಂಬೈಯಲ್ಲಿ ಮೆಟ್ಟಿಲ ಮೇಲೆ ನಿಂತು ಯೋಚಿಸುವವನಿಗೆ ಜಾಗವಿಲ್ಲ.

ಈ ಊರಿನಲ್ಲಿ ಬೇಸ್‌ಬಾಲ್ ನೋಡುವವರು ಒಬ್ಬರೇ ಎಂದು ನಾನು ನಂಬಿದ್ದೆ. ಅವರು ಡೊಂಬಿವಲಿಯ ಬಸವರಾಜ ಅಂಗಡಿ, ಮೂಲ ವಿಜಯಪುರದ ಕಡೆಯವರು, ಹದಿಮೂರು ವರ್ಷ ನನ್ನ ಜೊತೆ ರೈಲಿನ ಒಂದೇ ಡಬ್ಬಿಯಲ್ಲಿ ಬಂದವರು. ಹೋದ ವರ್ಷ ಜುಲೈ ಕೊನೆಯಲ್ಲಿ ಅವರು ವಿಕ್ರೋಳಿಯ ಹತ್ತಿರ ಲೋಕಲ್‌ನಿಂದ ಬಿದ್ದರು. ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಆ ದಿನ ಅವರು ಬಾಗಿಲಲ್ಲಿ ನಿಂತಿದ್ದು ನನ್ನಿಂದ. ಅದು ಅವರಿಗೆ ಗೊತ್ತಿರಲಿಲ್ಲ. ಹೇಳಲೋ ಬೇಡವೋ ಎಂಬುದರಲ್ಲೇ ನನ್ನ ಹನ್ನೊಂದು ತಿಂಗಳು ಹೋದವು. ನಿಮಗೆ ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಮುಚ್ಚಿಟ್ಟು ಕಥೆ ಹೇಳುವ ಆಸೆ ನನಗೆ ಉಳಿದಿಲ್ಲ.

ನೀವು ಮುಂಬೈಯವರಲ್ಲದಿದ್ದರೆ ನಮ್ಮ ಲೋಕಲ್‌ನ ಒಂದು ಪದ್ಧತಿ ತಿಳಿದಿರಬೇಕು. ದಿನಾ ಅದೇ ಗಾಡಿ, ಅದೇ ಡಬ್ಬಿ, ಅದೇ ಬಾಗಿಲು ಹಿಡಿಯುವವರು ನಿಧಾನವಾಗಿ ಒಂದು ಗ್ರೂಪ್ ಆಗುತ್ತಾರೆ. ದಸರೆಗೆ ಡಬ್ಬಿಗೆ ಹೂವಿನ ಹಾರ ಕಟ್ಟುತ್ತಾರೆ, ಮಗಳ ಮದುವೆಗೆ ಪತ್ರಿಕೆ ಹಂಚುತ್ತಾರೆ. ಕಲ್ಯಾಣದಲ್ಲಿ ಹತ್ತುವ ನನ್ನಂಥವರಿಗೆ ಸೀಟು ಸಿಗುತ್ತದೆ. ಡೊಂಬಿವಲಿಯವರಿಗೆ ಸಿಗುವುದಿಲ್ಲ. ಆದ್ದರಿಂದ ನಡುದಾರಿಯ ಠಾಣೆ ಸ್ಟೇಷನ್ ಬಂದ ಕೂಡಲೇ ಕೂತವನು ಏಳಬೇಕು, ನಿಂತವನು ಕೂರಬೇಕು. ಇದಕ್ಕೆ ಬರೆದಿಟ್ಟ ನಿಯಮವಿಲ್ಲ, ಆದರೆ ಇದನ್ನು ಮುರಿದವನ ಜೊತೆ ಮರುದಿನ ಯಾರೂ ಮಾತಾಡುವುದಿಲ್ಲ. ಒಂದೇ ಒಂದು ವಿನಾಯಿತಿ: ನಿದ್ದೆ ಹೋದವನನ್ನು ಎಬ್ಬಿಸಬಾರದು. ಇಡೀ ದಿನ ದುಡಿಯುವ ಜೀವ, ಮಲಗಲಿ ಪಾಪ ಎಂದು ಬಿಡುತ್ತಾರೆ.

ನನ್ನ ಸೀಟು ಠಾಣೆಯಲ್ಲಿ ಅಂಗಡಿಯವರದು. ಹದಿಮೂರು ವರ್ಷ ಎದ್ದು ಕೊಟ್ಟಿದ್ದೇನೆ.

ಅವರಿಗೆ ಬೇಸ್‌ಬಾಲ್ ಅಂಟಿದ್ದು ಹಳೆಯ ಕೆಲಸದಿಂದ. ಅಮೆರಿಕದ ಒಂದು ವಿಮಾ ಕಂಪನಿಯ ಕೆಲಸ ಮಾಡುವ ಪವಾಯಿಯ ಆಫೀಸಿನಲ್ಲಿ ಅವರು ಕೆಲವು ವರ್ಷ ರಾತ್ರಿ ಪಾಳಿ ಮಾಡಿದ್ದರು. ಅತ್ತ ಕಡೆಯವರ ಜೊತೆ ಫೋನಿನಲ್ಲಿ ಹರಟಲು ಏನಾದರೂ ಬೇಕಲ್ಲ, ಹಾಗಾಗಿ ಆಟ ಕಲಿತರು. ಆಮೇಲೆ ಆ ಕೆಲಸ ಬಿಟ್ಟು ದಾದರಿನ ಒಂದು ಆಫೀಸಿಗೆ ಸೇರಿದರು. ಆಟ ಮಾತ್ರ ಬಿಡಲಿಲ್ಲ. ಅಲ್ಲಿಯ ಸಂಜೆ ನಮಗೆ ಮುಂಜಾನೆ. ಡೊಂಬಿವಲಿಯಲ್ಲಿ ಹತ್ತುವಾಗಲೇ ಕಿವಿಯಲ್ಲಿ ತಂತಿ, ಕೈಯಲ್ಲಿ ಮೊಬೈಲು.

ನನಗೆ ಅವರು ಆಟ ಕಲಿಸಲು ಪಟ್ಟ ಪಾಡು ಬೇರೆಯೇ ಒಂದು ಪ್ರಬಂಧ. ಎಮ್ಮೆಸ್ಸಿ ಮಾಡಿ, ಔಷಧಿ ಕಂಪನಿಯಲ್ಲಿ ಮಾತ್ರೆಗಳ ಗುಣಮಟ್ಟ ನೋಡುವ ನನಗೆ, ಬ್ಯಾಟ್ ಬೀಸದೆ ನಿಂತವನಿಗೂ ಒಮ್ಮೊಮ್ಮೆ ಪುಕ್ಕಟೆ ಮೊದಲ ‘ಬೇಸ್’, ಎಂದರೆ ಮೊದಲ ನೆಲೆ, ಸಿಗುತ್ತದೆ ಎಂಬುದು ಎರಡು ಮಳೆಗಾಲ ಅರ್ಥವಾಗಲಿಲ್ಲ. “ಸರ, ನೀವು ಕ್ರಿಕೆಟ್ ತೆಲಿಯಿಂದ ತಗದು ಕಟ್ಟಿ ಮ್ಯಾಲ ಇಟ್ಟು ಕೂಡ್ರಿ,” ಎನ್ನುತ್ತಿದ್ದರು. ಕೊನೆಗೆ ನನಗೆ ಅರ್ಥವಾದದ್ದು ಆಟವಲ್ಲ, ಅದರ ಜುಲೈ ತಿಂಗಳು.

ಅಲ್ಲಿ ಸೀಜನ್ ಅರ್ಧ ದಾಟಿದ ಮೇಲೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಅದಕ್ಕೊಂದು ಕೊನೆಯ ದಿನ ಇದೆ, ಜುಲೈ ಮುಗಿಯುವ ಹೊತ್ತಿಗೆ. ಈ ವರ್ಷವೇ ಗೆಲ್ಲಬೇಕು ಎನ್ನುವ ತಂಡ ತನ್ನ ಎಳೆಯ ಹುಡುಗರನ್ನು ಕೊಟ್ಟು, ಪಳಗಿದ ಹಿರಿಯನೊಬ್ಬನನ್ನು ತರುತ್ತದೆ. ಹುಡುಗರೆಂದರೆ ಇನ್ನೂ ಸಣ್ಣ ಊರುಗಳ ಕೆಳಗಿನ ತಂಡಗಳಲ್ಲಿ ಬಸ್ಸಿನಲ್ಲಿ ಅಲೆಯುತ್ತಾ ಕಲಿಯುವವರು. ಅಂಗಡಿಯವರು ಮೆಚ್ಚಿದ ತಂಡ ಪ್ರತಿ ಜುಲೈಯಲ್ಲೂ ಹೀಗೇ ಮಾಡುತ್ತಿತ್ತು. ಅವರು ಪ್ರತಿ ಜುಲೈಯಲ್ಲೂ ಸಿಟ್ಟಾಗುತ್ತಿದ್ದರು.

“ಇದೇನ್ರಿ ಸರ ಇದು? ಬಿತ್ತಾಕ ಇಟ್ಟ ಜ್ವಾಳಾ ಬೀಸಿ ಇವತ್ತ ರೊಟ್ಟಿ ಬಡದಂಗ ಆತು. ಆ ಹುಡುಗ ನಿನ್ನಿ ಒಂದೂರಾಗ ಉಂಡಾನ, ಇವತ್ತ ಮುಂಜಾನೆ ಎದ್ದು ಬ್ಯಾರೆ ಊರಿನ ಅಂಗಿ ಹಾಕ್ಕೊಂಡಾನ. ಅವನ್ನ ಯಾರರ ಕೇಳ್ಯಾರೇನು?”

ನಾನು ಬೇಕೆಂದೇ ಕೆಣಕುತ್ತಿದ್ದೆ. “ಈ ವರ್ಷದ ಗೆಲುವು ಕೈಯಾಗಿನ ಮಾತು, ಅಂಗಡಿಯವರ. ಆ ಹುಡುಗುರೊಳಗ ಮ್ಯಾಲ ಬರೋರು ಎಷ್ಟ ಮಂದಿ?”

“ಬಾಳ ಮಂದಿ ಬರೂದಿಲ್ರಿ, ಗೊತ್ತೈತಿ. ಬರೂದಿಲ್ಲಂತ ಗೊತ್ತಿದ್ದೂ ಕಾಯ್ತೀವಲ್ಲ, ನಾವು ಅಭಿಮಾನಿಗೋಳು ಅಂದ್ರ ಅದ. ಗೆದ್ದ ಮ್ಯಾಲ ಚಪ್ಪಾಳಿ ಎಲ್ಲಾರೂ ಹೊಡೀತಾರ.”

ಅವರು ಕಾಯುತ್ತಿದ್ದ ಒಬ್ಬ ಹುಡುಗನಿದ್ದ. ಯಾವುದೋ ದ್ವೀಪ ದೇಶದವನು, ಹದಿನಾರನೇ ವಯಸ್ಸಿಗೆ ತಂಡ ಸೇರಿದವನು. ಅವನ ಹೆಸರು ನಮ್ಮ ಯಾರ ನಾಲಿಗೆಗೂ ಹೊರಳದು. ಕಲ್ಲು ಒಗೆದ ಹಾಗೆ ಚೆಂಡು ಒಗೆಯುತ್ತಾನೆಂದು ಅಂಗಡಿಯವರು ಅವನಿಗೆ ಕಲ್ಲಪ್ಪ ಎಂದು ಹೆಸರಿಟ್ಟಿದ್ದರು. ಕಲ್ಲಪ್ಪನ ಭುಜ ನೋಯುತ್ತಿದೆ, ಕಲ್ಲಪ್ಪ ಒಂದು ಮೆಟ್ಟಿಲು ಮೇಲೆ ಹೋದ, ಕಲ್ಲಪ್ಪ ಅವ್ವನಿಗೆ ಮನೆ ಕಟ್ಟಿಸುತ್ತೇನೆ ಎಂದಿದ್ದಾನೆ. ಹೀಗೆ ಮೂರು ವರ್ಷ ನಮ್ಮ ಡಬ್ಬಿಗೆ ಅವನ ಸುದ್ದಿ ಬರುತ್ತಿತ್ತು. ಎದುರು ಸೀಟಿನ ಸಾವಂತ ಬ್ಯಾಂಕಿನ ಮನುಷ್ಯ, ಬಾಯಿ ಬಿಟ್ಟರೆ ತಮಾಷೆ. ಜುಲೈ ಬಂತೆಂದರೆ ಕಲ್ಲಪ್ಪ ಮಾರಾಟವಾದನೇ ಎಂದು ದಿನಾ ಕೇಳುತ್ತಿದ್ದ, “ಕ್ಯಾ ಅಂಗಡಿ ಭಾವೂ, ಬಿಕ್ ಗಯಾ ಕ್ಯಾ ತೇರಾ ಕಲ್ಲಪ್ಪಾ?”

“ತೇರೆ ಮೂಂಹ್ ಮೇ ಮಣ್ಣು,” ಎಂದು ಅಂಗಡಿಯವರು ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಬೈಯುತ್ತಿದ್ದರು. ಮಕ್ಕಳಿಲ್ಲದ ಅವರ ಮುಖದಲ್ಲಿ ಆಗ ಮೂಡುತ್ತಿದ್ದ ಗಾಬರಿ ಮಾತ್ರ ತಮಾಷೆಯದಾಗಿರಲಿಲ್ಲ.

ಆ ಮುಂಜಾನೆಗೆ ಬರುತ್ತೇನೆ. ದಿನಕ್ಕೆ ಹತ್ತು ಸಲ ಅಲ್ಲಿಗೆ ಹೋಗಿ ಬರುವವನಿಗೆ ದಾರಿ ಗೊತ್ತಿದೆ.

ಮಳೆ ಸುರಿಯುತ್ತಿತ್ತು. ಗಾಡಿಗಳು ತಡವಾಗಿ, ಗರ್ದಿ ದುಪ್ಪಟ್ಟು. ಅಂಗಡಿಯವರು ಡೊಂಬಿವಲಿಯಲ್ಲಿ ಒದ್ದೆಯಾಗಿ ಹತ್ತಿ, ನನ್ನ ಮುಂದೆ ನಿಂತು, “ರಾತ್ರಿ ಗಡುವು ಮುಗದೈತ್ರಿ ಸರ. ಪೂರಾ ಯಾದಿ ಇನ್ನಾ ಬಂದಿಲ್ಲ. ನೆಟ್ ಸೈತ ಬರವಲ್ದು,” ಎಂದರು. ಅವರ ಮೊಬೈಲಿನ ಪರದೆಯಲ್ಲಿ ಒಂದು ಚಕ್ರ ತಿರುಗುತ್ತಲೇ ಇತ್ತು. ನಾನು ಕಿಟಕಿ ಬದಿಯಲ್ಲಿದ್ದೆ. ಶಟರ್ ಇಳಿಸಿತ್ತು, ಸುತ್ತಲೂ ಮೈಗಳ ಬೆಚ್ಚನೆಯ ಒತ್ತು. ಠಾಣೆ ಹತ್ತಿರವಾದಾಗ ನಾನು ಕಣ್ಣು ಮುಚ್ಚಿಕೊಂಡೆ.

ಜ್ವರವಿರಲಿಲ್ಲ, ಕಾಲುನೋವಿರಲಿಲ್ಲ. ಏಳಲು ಬೇಸರವಾಯಿತು, ಅಷ್ಟೇ. ಅದಕ್ಕಿಂತ ದೊಡ್ಡ ಕಾರಣವೊಂದು ಸಿಕ್ಕೀತೇ ಎಂದು ಎಷ್ಟು ಹುಡುಕಿದ್ದೇನೆಂದರೆ, ಈಗ ಹುಡುಕುವುದಕ್ಕೇ ನಾಚಿಕೆ. ಆ ಮಳೆಗಾಲದಲ್ಲಿ ಹಾಗೆ ಮಾಡಿದ್ದು ಅದು ಮೊದಲ ಸಲವೂ ಅಲ್ಲ, ಮೂರನೆಯದು. ಕಳ್ಳನಿದ್ದೆ ನನಗೆ ಚೆನ್ನಾಗಿ ಬರುತ್ತದೆ ಎಂದು ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು. ಬಾಯಿ ಕೊಂಚ ತೆರೆದಿರಬೇಕು, ಕತ್ತು ಗಾಡಿಯ ಜೊತೆ ಅಲುಗಬೇಕು.

ಠಾಣೆಯಲ್ಲಿ ಗಾಡಿ ನಿಂತಿತು. ರೆಪ್ಪೆಯ ಸಂದಿನಲ್ಲಿ ಅವರ ಬೂಟಿನ ತುದಿ ಕಾಣುತ್ತಿತ್ತು. ಅವರು ಬಗ್ಗಿ ನನ್ನ ಮುಖ ನೋಡಿದರು. ಒದ್ದೆ ಅಂಗಿಯ ತಂಪು ಹತ್ತಿರ ಬಂದದ್ದು ಗೊತ್ತಾಯಿತು. ನನ್ನ ಬ್ಯಾಗು ತೊಡೆಯಿಂದ ಜಾರುತ್ತಿತ್ತು. ಅದನ್ನು ಮೆಲ್ಲಗೆ ಮೇಲೆತ್ತಿ, ಬೀಳದ ಹಾಗೆ ನನ್ನ ಕೈಯೊಳಗೆ ಸಿಕ್ಕಿಸಿ ಇಟ್ಟರು. ಸಾವಂತನಿಗೆ ಪಿಸುಮಾತಿನಲ್ಲಿ “ಸೋನೇ ದೇ. ಮೈ ದರ್ವಾಜೇ ಪೇ ನೆಟ್ ದೇಖತಾ ಹೂಂ” ಎಂದು ಹೇಳಿ, ನನ್ನನ್ನು ಮಲಗಲು ಬಿಟ್ಟು, ನೆಟ್ ಸಿಗುವುದೇ ಎಂದು ನೋಡಲು ಬಾಗಿಲ ಕಡೆ ಹೋದರು.

ಆಮೇಲೆ ಭಾಂಡುಪ್, ಕಾಂಜೂರ್‌ಮಾರ್ಗ. ನಾನು ಆಗ ಕಣ್ಣು ತೆರೆಯಬಹುದಿತ್ತು. ಆದರೆ ಕಳ್ಳನಿದ್ದೆಯ ಕಷ್ಟ ಅದೇ, ಒಮ್ಮೆ ಶುರು ಮಾಡಿದರೆ ಮರ್ಯಾದೆಗೆ ಸ್ವಲ್ಪ ಹೊತ್ತು ಮುಂದುವರಿಸಬೇಕು. ತಲೆಗಳ ನಡುವಿನ ಸಂದಿಯಲ್ಲಿ ಅವರನ್ನು ನೋಡುತ್ತಲೇ ಇದ್ದೆ. ಒಂದು ಕೈ ಕಂಬಕ್ಕೆ, ಒಂದು ಕೈಯಲ್ಲಿ ಮೊಬೈಲು. ವಿಕ್ರೋಳಿಗೆ ಮುಂಚೆ ಗಾಡಿ ನಿಧಾನವಾಯಿತು, ಎಳೆದುಕೊಂಡ ಹಾಗೆ ಒಂದು ಜರ್ಕು ಹೊಡೆಯಿತು. ಬಾಗಿಲಲ್ಲಿ ಒಬ್ಬ ಮನುಷ್ಯನಷ್ಟು ಜಾಗ ಬೆಳ್ಳಗೆ ಖಾಲಿಯಾಯಿತು. ಕೂಗು ಕೇಳಿದ್ದು ಆಮೇಲೆ. ನನಗೆ ಈಗಲೂ ಕಾಣುವುದು ಆ ಖಾಲಿ ಜಾಗ. ಅದರಲ್ಲಿ ಮಳೆ ಬೀಳುತ್ತಿತ್ತು.

ಘಾಟ್ಕೋಪರಿನ ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ಅವರಿಗೆ ಮಾತು ಬಂತು. ಮೊದಲು ಕೇಳಿದ್ದು, “ಕಲ್ಲಪ್ಪನ್ನ ಕೊಟ್ರೇನ್ರಿ?”

ನಾನು ಯಾದಿ ನೋಡಿಕೊಂಡಿದ್ದೆ. “ಕೊಟ್ಟಾರ,” ಎಂದೆ. ಮೂವತ್ತಾರು ವರ್ಷದ ಒಬ್ಬ ಎಸೆತಗಾರನಿಗಾಗಿ ಅವನನ್ನೂ ಇನ್ನೊಬ್ಬನನ್ನೂ ಕೊಟ್ಟಿದ್ದರು. ಅಂಗಡಿಯವರು ಗೋಡೆಯ ಕಡೆ ಮುಖ ತಿರುಗಿಸಿದರು. ಆ ನಿಜವನ್ನು ಹೇಳುವ ಧೈರ್ಯ ನನಗಿತ್ತು. ಇನ್ನೊಂದು ನಿಜವನ್ನು ಹೇಳಲಿಲ್ಲ.

ಆಮೇಲೆ ಪ್ರತಿ ಭಾನುವಾರ ಮುಂಜಾನೆ ಡೊಂಬಿವಲಿಗೆ ಹೋಗತೊಡಗಿದೆ. ಟಿವಿಯಲ್ಲಿ ಆಟ ಹಚ್ಚಿಕೊಂಡು ಇಬ್ಬರೂ ಕೂರುತ್ತಿದ್ದೆವು. ಆಟ ಇಲ್ಲದ ಚಳಿಗಾಲದಲ್ಲಿ ಹಳೆಯ ಆಟಗಳು. ಅವರ ಹೆಂಡತಿ ಶೈಲಾ ವೈನಿ ಉಪ್ಪಿಟ್ಟು ಕೊಡುತ್ತಿದ್ದರು. ನೋಡಲು ಬಂದ ಪ್ರತಿಯೊಬ್ಬರೂ ಹೇಗಾಯಿತು ಎಂಬ ಒಂದೇ ಪ್ರಶ್ನೆ ಕೇಳುತ್ತಿದ್ದರು. ಅಂಗಡಿಯವರು ನನ್ನ ಕಡೆ ಕೈ ತೋರಿಸಿ ಒಂದೇ ಉತ್ತರ ಕೊಡುತ್ತಿದ್ದರು: “ನಮ್ಮ ಸರ ಮಲ್ಕೊಂಡಿದ್ರು ಪಾಪ. ಎಬ್ಬಸಾಕ ಮನಸಾಗ್ಲಿಲ್ಲ. ಬಾಗಲಕ್ಕ ಹ್ವಾದೆ.” ಅದರಲ್ಲಿ ದೂರಿರಲಿಲ್ಲ. ಇದ್ದದ್ದು ಒಂದು ಬಗೆಯ ಅಭಿಮಾನ. ಬಂದವರು ನನ್ನ ಕಡೆ ನೋಡಿ, ನೀವು ಪುಣ್ಯವಂತರು, ಇಂಥ ಗೆಳೆಯ ಸಿಕ್ಕಿದ್ದಾರೆ ಎನ್ನುತ್ತಿದ್ದರು. ನಾನು ಉಪ್ಪಿಟ್ಟಿನ ತಟ್ಟೆ ನೋಡುತ್ತಿದ್ದೆ.

ಈ ಜೂನಿನ ಒಂದು ಭಾನುವಾರ ಕೆಳಗಿನ ಮನೆಯ ಅಜ್ಜಿಯೊಬ್ಬರು ಬಂದು, ಅದೇ ಕಥೆ ಕೇಳಿ, ನನ್ನ ತಲೆ ಸವರಿ ಹೋದರು. ಬಾಗಿಲು ಮುಚ್ಚಿದ ಮೇಲೆ ನಾನು ಹೇಳಿದೆ.

“ಅಂಗಡಿಯವರ, ಅವತ್ತ ನನಗ ನಿದ್ದಿ ಹತ್ತಿರಲಿಲ್ಲ.”

“ಏ, ಬಿಡ್ರಿ ಸರ. ಬಾಯಿ ತಗದು ಮಲ್ಕೊಂಡಿದ್ರಿ. ನಾನ ನೋಡೇನಲ್ಲ.”

“ನೀವು ನನ್ನ ಬ್ಯಾಗ ಸರಿ ಮಾಡಿ ಇಟ್ರಿ. ಸಾವಂತಗ ‘ಸೋನೇ ದೇ’ ಅಂದ್ರಿ. ನಾ ಎಚ್ಚರಿದ್ದೆ. ಏಳಾಕ ಬ್ಯಾಸರಾಗಿ ಕಣ್ಣ ಮುಚ್ಚಿದ್ದೆ.”

ಅವರು ರಿಮೋಟು ಹುಡುಕಿ ಟಿವಿಯ ದನಿ ಪೂರ್ತಿ ಇಳಿಸಿದರು. ವೈನಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಬೈಯುತ್ತಾರೆ, ಇಲ್ಲವೇ ಹೋಗಲಿ ಬಿಡಿ ಎನ್ನುತ್ತಾರೆ ಎಂದುಕೊಂಡಿದ್ದೆ. ಎರಡಕ್ಕೂ ಸಿದ್ಧನಾಗಿ ಬಂದಿದ್ದೆ. ನಿಜ ಹೇಳಬೇಕೆಂದರೆ ಎರಡನೆಯದಕ್ಕೆ ಹೆಚ್ಚು.

“ಯಾಕ ಹೇಳಿದ್ರಿ?” ಎಂದರು ಅವರು.

ನಾನು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟೆ.

“ಹನ್ನೊಂದ ತಿಂಗಳಾತು. ಕಾಲ ಹ್ಯಾಂಗ ಹೋತಂತ ಯಾರರ ಕೇಳಿದ್ರ, ಒಬ್ಬರ ನಿದ್ದಿ ಕಾಯಾಕ ಹೋಗಿ ಹೋತು ಅಂತಿದ್ದೆ. ಮನಸಿಗೆ ಅಷ್ಟರ ಸಮಾಧಾನ ಇತ್ತು. ನಿಮ್ಮ ಮನಸ ಹಗುರ ಮಾಡ್ಕೊಳ್ಳಾಕ ಅದನ್ನೂ ತಗೊಂಡ್ರಿ. ಇನ್ನ ಏನಂತ ಹೇಳ್ಲಿ ನಾ?”

ಆಮೇಲೆ ಅವರು ನನ್ನ ಜೊತೆ ಮಾತಾಡಿಲ್ಲ. ಮುಂದಿನ ಭಾನುವಾರ ಹೋಗಲೋ ಬೇಡವೋ ಎಂದು ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಬಹಳ ಹೊತ್ತು ನಿಂತಿದ್ದು, ಕೊನೆಗೆ ಹೋದೆ. ಬಾಗಿಲು ತೆರೆದ ವೈನಿ ದನಿ ತಗ್ಗಿಸಿ, “ಬರ್ರಿ. ಮಾತಾಡಂಗಿಲ್ಲ ಅವರು. ಬರಬ್ಯಾಡ್ರಿ ಅಂತನೂ ಅಂದಿಲ್ಲ,” ಎಂದರು. ಅಷ್ಟನ್ನೇ ಹಿಡಿದುಕೊಂಡು ಹೋಗುತ್ತಿದ್ದೇನೆ. ಅವರು ಆಟ ನೋಡುತ್ತಾರೆ, ನಾನು ಅವರ ಪಕ್ಕದಲ್ಲಿ ಕೂತು ನೋಡುತ್ತೇನೆ. ಮತ್ತೆ ಜುಲೈ ಬಂದಿದೆ. ಯಾರನ್ನು ಕೊಡುತ್ತಾರೆ, ಯಾರನ್ನು ತರುತ್ತಾರೆ ಎಂದು ಟಿವಿಯಲ್ಲಿ ದಿನವಿಡೀ ಚರ್ಚೆ. ಆ ಮೂವತ್ತಾರರ ಎಸೆತಗಾರ ಹೋದ ವರ್ಷ ಅವರ ತಂಡವನ್ನು ಗೆಲ್ಲಿಸಲಿಲ್ಲ. ಕಲ್ಲಪ್ಪ ಹೊಸ ತಂಡದ ಯಾವುದೋ ಸಣ್ಣ ಊರಿನಲ್ಲಿ ಇನ್ನೂ ಬಸ್ಸು ಹತ್ತುತ್ತಿದ್ದಾನೆ. ಮೊದಲಿನ ಹಾಗಿದ್ದರೆ ಇದರ ಮೇಲೆ ಡೊಂಬಿವಲಿಯಿಂದ ಘಾಟ್ಕೋಪರಿನವರೆಗೆ ಮಾತಾಡಬಹುದಿತ್ತು.

ನಿನ್ನೆ ಭಾನುವಾರ ಕೃತಕ ಕಾಲಿನ ಅಳತೆ ಸರಿಮಾಡಲು ಒಬ್ಬರು ಮನೆಗೆ ಬಂದಿದ್ದರು. ಐವತ್ತರ ಆಸುಪಾಸಿನವರು, ಕನ್ನಡಕ ಮೂಗಿನ ತುದಿಗೆ. ನೆಲದ ಮೇಲೆ ಕೂತು ಪಟ್ಟಿಗಳನ್ನು ಬಿಚ್ಚುತ್ತಾ, ಕೇಳದಿದ್ದರೆ ಚೆನ್ನಾಗಿರದೆಂಬಂತೆ ಹೇಗಾಯಿತೆಂದು ಕೇಳಿದರು, “ಕೈಸೇ ಹುವಾ ಥಾ, ಭಾಯಿಸಾಬ್?”

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಅಂಗಡಿಯವರು ನನ್ನ ಕಡೆ ನೋಡಲಿಲ್ಲ, ಕೈ ತೋರಿಸಲಿಲ್ಲ.

“ಬಾರಿಶ್ ಥೀ,” ಎಂದರು. “ಹಾಥ್ ಫಿಸಲ್ ಗಯಾ.”

ಮಳೆಯಿತ್ತು, ಕೈ ಜಾರಿತು. ಅಷ್ಟೇ. ಆ ಕಥೆಯಲ್ಲಿ ಮಲಗಿದ ಗೆಳೆಯನಿರಲಿಲ್ಲ, ಎಚ್ಚರವಿದ್ದವನೂ ಇರಲಿಲ್ಲ. ಬಂದವರು ತಲೆಯಾಡಿಸಿ, ಪಟ್ಟಿಯ ಒಂದು ತುದಿಯನ್ನು ನನ್ನ ಕಡೆ ಚಾಚಿ ಜರಾ ಪಕಡೋ ಎಂದರು. ನಾನು ನೆಲಕ್ಕೆ ಕೂತು, ಅವರು ಬಿಗಿದು ಕಟ್ಟುವವರೆಗೂ ಹಿಡಿದುಕೊಂಡಿದ್ದೆ.