ಮಲ್ಟಿಪ್ಲೈ ಮಾಡಿದ ಮೊಹರು

ಕಳೆದ ಭಾನುವಾರ ಮಗಳು ಮುಂಬಯಿ ಪಕ್ಕದ ಡೊಂಬಿವಲಿಯ ನನ್ನ ಅಂಗಡಿಯಲ್ಲಿ, ಕಂಪ್ಯೂಟರಿನ ಮುಂದೆ ಕೂತು ಆನಿಮೇಶನ್ ಕ್ಲಾಸಿನ ಹೋಂವರ್ಕ್ ಮಾಡುತ್ತಿದ್ದಳು. "ಪಪ್ಪಾ, ಯೇ ಮಲ್ಟಿಪ್ಲೈ ಮೋಡ್ ಕ್ಯಾ ಕರ್ತಾ ಹೈ?" ಎಂದಳು. ನಮ್ಮ ಮನೆಯಲ್ಲಿ ಪ್ರಶ್ನೆ ಹಿಂದಿಯಲ್ಲಿ, ಉತ್ತರ ಕನ್ನಡದಲ್ಲಿ. ಆ ಜಗಳ ಬಿಟ್ಟು ವರ್ಷಗಳಾದವು.

ನಿಮಗೂ ಹೇಳುತ್ತೇನೆ, ಕಷ್ಟವೇನಿಲ್ಲ. ಫೋಟೋ ತಿದ್ದುವಾಗ ಒಂದು ಚಿತ್ರದ ಮೇಲೆ ಇನ್ನೊಂದನ್ನು ಪದರವಾಗಿ ಇಡುತ್ತೇವೆ. ಎರಡೂ ಹೇಗೆ ಬೆರೆಯಬೇಕೆಂದು ಹೇಳುವುದೇ ಮೋಡ್. ನಾರ್ಮಲ್ ಎಂದರೆ ಮೇಲಿನದು ಕೆಳಗಿನದನ್ನು ಮುಚ್ಚುತ್ತದೆ. ಸ್ಕ್ರೀನ್ ಎಂದರೆ ಡಿಕಾಕ್ಷನ್ನಿಗೆ ಹಾಲು ಹೊಯ್ದ ಹಾಗೆ, ಎಲ್ಲವೂ ಬೆಳ್ಳಗಾಗುತ್ತದೆ. ಮಲ್ಟಿಪ್ಲೈಯಲ್ಲಿ ಮೇಲಿನ ಚಿತ್ರದ ಬಿಳಿ ಮಾಯವಾಗಿ, ಬಣ್ಣ ಮಾತ್ರ ಕೆಳಗಿನ ಕಾಗದಕ್ಕೆ ಇಳಿಯುತ್ತದೆ. ಓವರ್‌ಲೇ ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಇಷ್ಟು ವರ್ಷ ಅಂದಾಜಿನಲ್ಲೇ ನಡೆಸಿದ್ದೇನೆ. "ಆಪ್ನೇ ಕಹಾಂ ಯೂಸ್ ಕಿಯಾ?" ಎಂದು ಮಗಳು ಕೇಳಿದಳು. ಮದುವೆ ಆಲ್ಬಮ್ಮಿನಲ್ಲಿ ಎಂದು ಸುಳ್ಳು ಹೇಳಿದೆ.

ನಿಜ ಬೇರೆ. ಹನ್ನೆರಡು ವರ್ಷದ ಹಿಂದೆ ನಾನು ಸ್ಟೇಶನ್ ಪಕ್ಕದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ನೌಕರ. ಹುಟ್ಟುಹಬ್ಬದ ಬ್ಯಾನರುಗಳಲ್ಲಿ ಪುಢಾರಿಗಳ ಕೆನ್ನೆ ಹೊಳೆಯಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಬೇರೆ. ಒಂದು ದಿನ ಯಾವನೋ ಬಿಲ್ಡರನ ಮನುಷ್ಯ ಬಂದ. ಅವನ ಕೈಯಲ್ಲಿ ಪಕ್ಕದ ದಿವಾ ಊರಿನ ಕಟ್ಟಡವೊಂದರ ಅನುಮತಿಪತ್ರವಿತ್ತು. ಟೈಪಾಗಿತ್ತು, ಮೊಹರು ಇರಲಿಲ್ಲ. ಬೇರೊಂದು ಹಳೆಯ ಪತ್ರದ ಮೊಹರು ತೋರಿಸಿ, "ಯೇ ಇಧರ್ ಬಿಠಾ ದೋ. ಸಾಹೇಬ್ ಛುಟ್ಟಿ ಪೇ ಹೈ, ಒರಿಜಿನಲ್ ಅಗ್ಲೇ ಹಫ್ತೇ ಮಿಲೇಗಾ" ಎಂದ. ಪಾಲಿಕೆಯ ಸಾಹೇಬರು ರಜೆಯಂತೆ, ಅಸಲಿ ಮುಂದಿನ ವಾರ ಬರುತ್ತದಂತೆ. ನಾನು ನಂಬಿದೆ. ಇಲ್ಲ, ನಂಬಲಿಲ್ಲ, ನಂಬಿದ ಹಾಗೆ ಮಾಡಿದೆ. ಮೊಹರನ್ನು ಸ್ಕ್ಯಾನ್ ಮಾಡಿ ಮಲ್ಟಿಪ್ಲೈಗೆ ಹಾಕಿದೆ. ಗುಮಾಸ್ತ ಅವಸರದಲ್ಲಿ ಒತ್ತಿದಂತೆ ಕಾಣಲಿ ಎಂದು ತುಸು ಓರೆ ಮಾಡಿ, ಒಂದು ಅಂಚಿನಲ್ಲಿ ಶಾಯಿ ತೆಳುವಾಗಿಸಿದೆ. ಅಷ್ಟೆಲ್ಲ ಮಾಡೆಂದು ಅವನು ಕೇಳಿರಲಿಲ್ಲ. "ಏಕ್ ನಂಬರ್" ಎಂದು ಬೆನ್ನು ತಟ್ಟಿದ. ಹೇಳಲು ನಾಚಿಕೆಯಾಗುತ್ತದೆ, ಆದರೆ ನನಗೆ ಆಗ ಖುಷಿಯಾಯಿತು.

ಎರಡು ತಿಂಗಳ ಮೇಲೆ ಅಕ್ಕ, ಭಾವ ಮನೆಗೆ ಬಂದರು. ಭಾವ ಬೇಲಾಪುರದ ಒಂದು ಹೋಟೆಲಿನಲ್ಲಿ ಹದಿನೆಂಟು ವರ್ಷ ದೋಸೆಕಲ್ಲಿನ ಮುಂದೆ ನಿಂತವರು. ದಿವಾದಲ್ಲಿ ಫ್ಲ್ಯಾಟ್ ನೋಡಿದ್ದಾರೆ, ಮರುದಿನ ಮುಂಗಡದ ಟೋಕನ್ ಕೊಡುವುದು. "ನಮಗೆ ಈ ಮರಾಠಿ ಕಾಗದ ಎಲ್ಲ ತಿಳಿಯುದಿಲ್ಲ ಮಾರಾಯ. ನೀನು ಕಂಪ್ಯೂಟರಿನವ, ಅಸಲೋ ನಕಲೋ ನೋಡಿ ಹೇಳು" ಎಂದು ಜೆರಾಕ್ಸ್ ಬಿಡಿಸಿದರು.

ಓರೆ ಮೊಹರು. ತೆಳುವಾದ ಅಂಚು.

ಅವರಿಗೆ ನನ್ನ ಮೇಲೆ ಅನುಮಾನವೇ ಇರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ನಕಲಿ ಎಂದರೆ ಹೇಗೆ ಗೊತ್ತಾಯಿತೆಂದು ಕೇಳುತ್ತಾರೆ. ಬೇರೆ ನೆಪ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೌದು, ಅಲ್ಲಿ ನೀರಿಲ್ಲ ಎಂದಿದ್ದರೂ ಸಾಕಿತ್ತು. ನಾನು ಹೇಳಿದ್ದು, "ಸರಿ ಉಂಟು ಭಾವ."

"ನೀನು ಹೇಳಿದ ಮೇಲೆ ಮತ್ತೆಂತ?" ಎಂದು ಅಕ್ಕ ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಹನ್ನೊಂದು ವರ್ಷ ಅವರು ಆ ಮನೆಯಲ್ಲಿ ನಿಶ್ಚಿಂತೆಯಿಂದ ಇದ್ದರು. ಗೃಹಪ್ರವೇಶದ ಪಾಯಸವನ್ನು ನಾನು ಎರಡು ಸಲ ಹಾಕಿಸಿಕೊಂಡಿದ್ದೇನೆ. ಈಗ ಕಟ್ಟಡಕ್ಕೆ ನೋಟಿಸು ಅಂಟಿದೆ: ಅನಧಿಕೃತ, ಖಾಲಿ ಮಾಡಿ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುತ್ತಿರುವವರು ಅವರು.

ಆ ಭಾನುವಾರ ಮಗಳ ಹೋಂವರ್ಕ್ ಮುಗಿಯುವ ಮೊದಲೇ ಅಕ್ಕನ ಫೋನು ಬಂತು. "ವಕೀಲರಿಗೆ ಸಾಕ್ಷಿ ಬೇಕಂತೆ. ನನ್ನ ತಮ್ಮನೇ ಕಾಗದ ನೋಡಿ ಸರಿ ಉಂಟು ಅಂದಿದ್ದಾನೆ ಅಂತ ಹೇಳಿದ್ದೇನೆ. ನಾಡಿದ್ದು ಬರ್ತೀಯಲ್ಲ?"

"ಮೊದಲು ನೀನೊಮ್ಮೆ ಅಂಗಡಿಗೆ ಬಾ ಅಕ್ಕ" ಎಂದೆ.

ಸಂಜೆ ಬಂದಳು. ನಾನು ಯಾವ ಫೈಲನ್ನೂ ಅಳಿಸುವವನಲ್ಲ. ನೌಕರಿ ಬಿಡುವಾಗ ನಕಲು ಮಾಡಿ ತಂದ ಹಳೆಯ ಡಿಸ್ಕಿನಲ್ಲಿ ಆ ಪತ್ರವೂ ಇತ್ತು. ತೆರೆದು, ಮೊಹರಿನ ಪದರವನ್ನು ಮಲ್ಟಿಪ್ಲೈಯಿಂದ ನಾರ್ಮಲ್ಲಿಗೆ ತಂದೆ. ಮೊಹರಿನ ಸುತ್ತ ಬಿಳಿ ಚೌಕವೊಂದು ಎದ್ದು, ಪತ್ರದ ಎರಡು ಸಾಲು ಮುಚ್ಚಿಹೋಯಿತು. ಅಕ್ಕ ಚೌಕವನ್ನು ನೋಡಲಿಲ್ಲ.

"ನಮ್ಮ ಕಾಗದ ನಿನ್ನ ಕಂಪ್ಯೂಟರಿಗೆ ಹೇಗೆ ಬಂತು?" ಎಂದಳು.

ಮಗಳ ಎದುರಿಗೇ ಎಲ್ಲ ಹೇಳಿದೆ. ಅಕ್ಕ ಬ್ಯಾಗು ಎತ್ತಿಕೊಂಡು ಎದ್ದಳು.

"ಇದನ್ನು ನಿನ್ನ ಭಾವನಿಗೆ ನಾನು ಹೇಳುದಿಲ್ಲ. ನೀನೇ ಬಂದು ಹೇಳು. ನೀನು ಸಾಕ್ಷಿಗೆ ಬರ್ತೀಯ, ಇನ್ನು ಹೆದರಿಕೆ ಇಲ್ಲ ಅಂತ ಅವರು ಬೆಳಗ್ಗಿನಿಂದ ಬಿಲ್ಡಿಂಗಿನವರಿಗೆಲ್ಲ ಹೇಳ್ತಾ ಇದ್ದಾರೆ."