ಗೋಣಿಯ ಅಡಿಯದ್ದು

ಪೋಕರ್ ಬ್ಯಾರಿ ಮೂವತ್ತು ವರ್ಷ ಪುತ್ತೂರು ಪೇಟೆಯ ಗೋದಾಮಿನಲ್ಲಿ ಅಡಿಕೆ ನೋಡಿ ದರ್ಜೆ ಹೇಳುತ್ತಿದ್ದವರು. ಗೋಣಿಯ ಬಾಯಿ ಬಿಚ್ಚಿದರೆ ಮೇಲಿನ ಅಡಿಕೆಯನ್ನು ಅವರು ಮುಟ್ಟುತ್ತಲೂ ಇರಲಿಲ್ಲ. ತೋಳನ್ನು ಹೆಗಲಿನವರೆಗೆ ಇಳಿಸಿ ಅಡಿಯಿಂದ ಒಂದು ಮುಷ್ಟಿ ತೆಗೆಯುತ್ತಿದ್ದರು. ಚಂದದ್ದನ್ನು ಮೇಲೆ ಹಾಕಿ ಕೆಟ್ಟದ್ದನ್ನು ಕೆಳಗೆ ಮುಚ್ಚುವುದು ಕೆಲವು ಮಾರುವವರ ಹಳೆಯ ಚಾಳಿ. ಅದನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ.

೧೯೬೫ರಲ್ಲಿ ಆ ಗೋದಾಮಿಗೆ ಕಿಟಕಿ ಕೊರೆದು, ಸುಣ್ಣ ಬಳಿದು ಕಲಾ ಕಾಲೇಜು ಮಾಡಿದರು. ಪೋಕರ್ ಬ್ಯಾರಿ ಅಲ್ಲಿಯೇ ಜವಾನರಾದರು. ನಾನು ಮೊದಲ ತಂಡದ ವಿದ್ಯಾರ್ಥಿ.

ವಿಶ್ವವಿದ್ಯಾನಿಲಯದಿಂದ ತನಿಖೆಗೆ ಬರುವ ದಿನ ಪ್ರಿನ್ಸಿಪಾಲರು ಜಾಣರೆಂದು ನಮ್ಮ ನಾಲ್ವರನ್ನು ಮುಂದಿನ ಬೆಂಚಿಗೆ ತಂದರು. ಮಂಡೆಕೋಲು ಹಳ್ಳಿಯ ಬೋಜಪ್ಪನಂಥವರು ಹಿಂದಕ್ಕೆ ಹೋದರು. ಬಂದ ಅಧಿಕಾರಿ ನನ್ನತ್ತ ಬೆರಳು ತೋರಿಸಿದ್ದೇ ತಡ, ನೀರಿನ ಲೋಟ ಹಿಡಿದು ನಿಂತಿದ್ದ ಪೋಕರ್ ಬ್ಯಾರಿಗೆ ತಡೆಯಲಾಗಲಿಲ್ಲ.

“ಸ್ವಾಮಿ, ಮೇಲಿನದ್ದು ಎಂತ ನೋಡುದು? ಅಡಿಗೆ ಕೈ ಹಾಕಿ.”

ಪ್ರಿನ್ಸಿಪಾಲರ ಮುಖ ಬಿಳಚಿಕೊಂಡಿತು. ಅಧಿಕಾರಿ ನಕ್ಕು, ಬೋಜಪ್ಪನನ್ನು ಎಬ್ಬಿಸಿ ಒಂದು ಪದ್ಯದ ಅರ್ಥ ಕೇಳಿದರು. ಅವನೋ ಊರಿನ ತಾಳಮದ್ದಳೆಯಲ್ಲಿ ರಾತ್ರಿಯಿಡೀ ಕೂತು ಪದ್ಯಗಳಿಗೆ ಅರ್ಥ ಹೇಳಿ ಪಳಗಿದವನು. ಬೆಂಚು ಗುದ್ದಿ ಗುದ್ದಿ ಕಾಲು ಗಂಟೆ ಅರ್ಥ ಹೇಳಿದ. ಅಧಿಕಾರಿ ಚಪ್ಪಾಳೆ ತಟ್ಟಿ ಕಾಲೇಜಿಗೆ ಒಪ್ಪಿಗೆ ಬರೆದರು.

ಅವರ ಕಾರು ಹೊರಟ ಮೇಲೆ ಪ್ರಿನ್ಸಿಪಾಲರು ನಮ್ಮೆದುರೇ ಬೈಯಲು ಬಾಯಿ ತೆರೆದರು. ಆದರೆ ಪೋಕರ್ ಬ್ಯಾರಿಗೇ ಹೆಚ್ಚು ಸಿಟ್ಟು ಬಂದಿತ್ತು.

“ಮೂವತ್ತು ವರ್ಷ ಗೋಣಿ ನೋಡಿದ್ದೇನೆ. ಒಳ್ಳೆದನ್ನು ಅಡಿಗೆ ಹಾಕಿ ಇಂಥದ್ದನ್ನು ಮೇಲೆ ಇಟ್ಟವರು ನೀವೊಬ್ಬರೇ ಮಾರಾಯ್ರೆ” ಎಂದು ನನ್ನ ಕಡೆ ಕೈ ತೋರಿಸಿದರು.